ಮುಡಿಪಾಗುವುದು ಯಾರಿಗಾಗಿ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಕ್ರೈಸ್ತ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ), ಪವಿತ್ರೀಕರಣ ಮತ್ತು ಆತ್ಮಸಮರ್ಪಣೆಯ ಬಗ್ಗೆ ನಗರದ ನಾನಾ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಪ್ರಕಟಿಸುವುದು ಬೇಡವೆಂದು ಹಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮಾನ್ಯರೇ, ನಮ್ಮ ನೆರೆಮನೆಯವರ ಮಗನಿಗೆ ಇತ್ತೀಚೆಗೆ ಗುರುದೀಕ್ಷೆಯಾಯಿತು. ಪ್ರೀತಿಯಿಂದ ಕರೆದಿದ್ದರು, ಹೋಗಿದ್ದೆ. ಹುಡುಗ ಪೀಠದ ಮುಂದೆ ನೆಲದ ಮೇಲೆ ಬೋರಲಾಗಿ ಮಲಗಿದ. ಸೇರಿದವರೆಲ್ಲ ಸಂತರ ಹೆಸರುಗಳನ್ನು ಹಾಡುತ್ತ ಪ್ರಾರ್ಥಿಸಿದರು. ಆಮೇಲೆ ಬಿಷಪ್ಪರು ಅವನ ಅಂಗೈಗಳಿಗೆ ಎಣ್ಣೆ ಹಚ್ಚಿದರು. ಅವನ ತಾಯಿ ಅಳುತ್ತಲೇ ಇದ್ದರು. ಇದು ನಮ್ಮಲ್ಲಿಯ ಸನ್ಯಾಸ ಸ್ವೀಕಾರದ ಹಾಗೆಯೇ? ಅವನು ಇನ್ನು ಮನೆಗೆ, ಲೋಕಕ್ಕೆ ಇಲ್ಲದವನಾದನೇ?
— ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಉತ್ತರ: ನೋಡುವವರ ಕಣ್ಣಿಗೆ ಹೆಚ್ಚು ಕಟ್ಟುವುದು ಆ ಸಾಷ್ಟಾಂಗ ಮತ್ತು ಆ ಎಣ್ಣೆ. ಆದರೆ ದೀಕ್ಷೆ ನಿಜವಾಗಿ ನಡೆಯುವುದು ಅವೆರಡರ ನಡುವೆ. ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಅಭ್ಯರ್ಥಿಯ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಒಂದು ಮಾತೂ ಆಡದೆ ನಿಲ್ಲುತ್ತಾರೆ. ಅವರ ನಂತರ ಅಲ್ಲಿರುವ ಗುರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಹಾಗೆಯೇ ಕೈಯಿಡುತ್ತಾರೆ. ಅದಾದ ಮೇಲೆ ದೀಕ್ಷಾ ಪ್ರಾರ್ಥನೆ. ಕಥೋಲಿಕ ಧರ್ಮಸಭೆಯಲ್ಲಿ ಗುರುದೀಕ್ಷೆಗೆ ಅತ್ಯಗತ್ಯವಾದದ್ದು ಈ ಕೈಯಿಡುವಿಕೆ ಮತ್ತು ಈ ಪ್ರಾರ್ಥನೆ ಮಾತ್ರ ಎಂದು ಪೋಪ್ ಹನ್ನೆರಡನೇ ಪಯಸ್ 1947ರಲ್ಲಿ ವಿಧಿಸಿದರು. ಅದಕ್ಕೆ ಮುಂಚೆ, ಪೂಜಾಪಾತ್ರೆಗಳನ್ನು ಕೈಗೆ ಕೊಡುವುದೇ ಮುಖ್ಯವೆಂದು ಶತಮಾನಗಳ ಕಾಲ ವಾದಿಸಿದ ಪಂಡಿತರಿದ್ದರು. ಪಾತ್ರೆಗಿಂತ ಕೈ ಮುಖ್ಯವೆಂದು ತೀರ್ಮಾನವಾದದ್ದು ಬರಿಯ ವಿಧಿವಿಧಾನದ ಸಂಗತಿಯಲ್ಲ. ಪವಿತ್ರೀಕರಣವೆಂದರೆ ಒಬ್ಬನು ತಾನಾಗಿ ಏರುವ ಎತ್ತರವಲ್ಲ, ಇನ್ನೊಬ್ಬರ ಕೈಯಿಂದ ತನಗೆ ಆಗುವ ಕ್ರಿಯೆ. ಈ ಗೌರವವನ್ನು ಯಾರೂ ತಾನಾಗಿ ವಹಿಸಿಕೊಳ್ಳುವುದಿಲ್ಲ, ಇಸ್ರೇಲರ ಮೊದಲ ಮಹಾಯಾಜಕನಾದ ಆರೋನನಂತೆ ದೇವರಿಂದ ಕರೆಯಲ್ಪಟ್ಟವನೇ ಹೊಂದುತ್ತಾನೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಹೇಳುವುದೂ ಇದನ್ನೇ.

ನಮ್ಮ ಮನೆಗಳಲ್ಲಿ ಮುಡಿಪು ಕಟ್ಟಿಡುವ ಪದ್ಧತಿಯನ್ನು ನೀವು ಬಲ್ಲಿರಿ. ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು, ಗಂಟು ಹಾಕಿ, ದೇವರ ಮುಂದೆ ಇಟ್ಟರೆ ಆಯಿತು: ಆ ನಾಣ್ಯದ ಲೋಹ ಬದಲಾಗಿಲ್ಲ, ಬೆಲೆ ಏರಿಲ್ಲ, ಆದರೂ ಮನೆಯಲ್ಲಿ ಎಷ್ಟೇ ಮುಗ್ಗಟ್ಟು ಬಂದರೂ ಅದನ್ನು ಬಿಚ್ಚಿ ಹಾಲಿನವನಿಗೆ ಕೊಡುವಂತಿಲ್ಲ. ಪವಿತ್ರೀಕರಣದ ಮೊದಲ ಅರ್ಥ ಇಷ್ಟೇ, ಒಡೆತನ ಬದಲಾಗುವುದು. ಹೋಲಿಕೆ ಸಲ್ಲುವುದೂ ಇಲ್ಲಿಯವರೆಗೆ ಮಾತ್ರ. ನಾಣ್ಯವನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ, ದೀಕ್ಷೆಯಲ್ಲಿ ಕೇಳುತ್ತಾರೆ. ನಿಮ್ಮ ನೆರೆಮನೆಯ ಹುಡುಗನಿಗೆ ಧರ್ಮಾಧ್ಯಕ್ಷರು ಸಾಲಾಗಿ ಕೇಳಿದ ಪ್ರಶ್ನೆಗಳಲ್ಲಿ ಕೊನೆಯ ಕಡೆಯದನ್ನು ನೀವು ಗಮನಿಸಿರಬಹುದು. ನಮಗಾಗಿ ತನ್ನನ್ನೇ ನಿರ್ಮಲ ಬಲಿಯಾಗಿ ತಂದೆಗೆ ಅರ್ಪಿಸಿದ ಮಹಾಯಾಜಕ ಕ್ರಿಸ್ತನೊಂದಿಗೆ ದಿನದಿನವೂ ಹೆಚ್ಚು ಒಂದಾಗಿ, ಜನರ ಉದ್ಧಾರಕ್ಕಾಗಿ ನಿನ್ನನ್ನೂ ದೇವರಿಗೆ ಸಮರ್ಪಿಸಿಕೊಳ್ಳಲು ಮನಸ್ಸು ಮಾಡಿದ್ದೀಯಾ ಎಂಬುದು ಅದರ ತಾತ್ಪರ್ಯ. ಅದಕ್ಕಿಂತ ಹಿಂದಿನ ಪ್ರಶ್ನೆಗಳಿಗೆ ‘ಮನಸ್ಸು ಮಾಡಿದ್ದೇನೆ’ ಎಂದರೆ ಸಾಕು. ಈ ಪ್ರಶ್ನೆಗೆ ಮಾತ್ರ ‘ದೇವರ ಸಹಾಯದಿಂದ’ ಎಂದು ಸೇರಿಸಿ ಉತ್ತರಿಸಬೇಕು. ಈ ವಿಧಿಯನ್ನು ರೂಪಿಸಿದವರು ಮನುಷ್ಯರನ್ನು ಬಲ್ಲವರು.

ಎಣ್ಣೆಯ ವಿಚಾರಕ್ಕೆ ಬರೋಣ. ಆಲಿವ್ ಎಣ್ಣೆಗೆ ಸುಗಂಧ ಬೆರೆಸಿ, ಧರ್ಮಾಧ್ಯಕ್ಷರೇ ಪವಿತ್ರೀಕರಿಸಿದ ಕ್ರಿಸ್ಮ ತೈಲವದು. ಇದರ ಬೇರು ಹಳೆಯ ಒಡಂಬಡಿಕೆಯಲ್ಲಿದೆ. ಮೋಶೆಯು ಆರೋನನನ್ನು ಯಾಜಕನಾಗಿ ಪ್ರತಿಷ್ಠಿಸುವಾಗ ಅವನ ತಲೆಗೆ ತೈಲಾಭಿಷೇಕ ಮಾಡುತ್ತಾನೆ. ಬಲಿಯ ರಕ್ತವನ್ನು ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಕೇಳುವ ಕಿವಿ, ಮಾಡುವ ಕೈ, ನಡೆಯುವ ಕಾಲು ಮೂರೂ ಇನ್ನು ಅವನ ಸ್ವಂತದ್ದಲ್ಲವೆಂದು ವ್ಯಾಖ್ಯಾನಕಾರರು ಇದನ್ನು ವಿವರಿಸುವುದುಂಟು. ಇದು ಯಾಜಕಕಾಂಡದ ಎಂಟನೆಯ ಅಧ್ಯಾಯದಲ್ಲಿದೆ. ಆರು ಅಧ್ಯಾಯ ದಾಟಿದರೆ ಅದೇ ಕಿವಿ, ಅದೇ ಹೆಬ್ಬೆರಳು, ಅದೇ ಕಾಲ್ಬೆರಳು ಮತ್ತೆ ಬರುತ್ತವೆ. ಈ ಸಲ ಎದುರಿಗಿರುವವನು ಯಾಜಕನಲ್ಲ. ಚರ್ಮರೋಗದಿಂದ ಅಶುದ್ಧನೆನಿಸಿ ಇಸ್ರೇಲರ ಪಾಳೆಯದ ಹೊರಗೆ ಇರಬೇಕಾಗಿದ್ದು, ಈಗ ಗುಣವಾಗಿ ಜನರ ನಡುವೆ ಮರಳಿ ಬರುತ್ತಿರುವ ಕುಷ್ಠರೋಗಿ. ಅವನಿಗೂ ಮೊದಲು ರಕ್ತ, ಮೇಲೆ ಎಣ್ಣೆ. ಇಡೀ ಸಮುದಾಯದಲ್ಲಿ ಅತ್ಯಂತ ಒಳಗಿರುವವನಿಗೂ ಅತ್ಯಂತ ಹೊರಗಿದ್ದವನಿಗೂ ಒಂದೇ ಗುರುತು. ಯಾಜಕತ್ವದ ಬಗೆಗಿನ ಪ್ರವಚನಗಳಲ್ಲಿ ಆರೋನನ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ, ಈ ರೋಗಿಯ ಪ್ರಸಂಗವನ್ನು ಹೇಳುವವರು ಕಡಿಮೆ. ನನಗೆ ಇದೊಂದು ದೊಡ್ಡ ಕೊರತೆಯಾಗಿ ಕಾಣುತ್ತದೆ, ಏಕೆಂದರೆ ಯೇಸು ಊರ ಬಾಗಿಲಿನ ಹೊರಗೆ ಸತ್ತು ಜನರನ್ನು ಪವಿತ್ರಗೊಳಿಸಿದನೆಂದು ಇಬ್ರಿಯರ ಪತ್ರಿಕೆಯ ಹದಿಮೂರನೆಯ ಅಧ್ಯಾಯ ಹೇಳುವಾಗ ಆ ‘ಹೊರಗೆ’ ಎಂಬುದರ ಭಾರ ಅರ್ಥವಾಗಬೇಕಾದರೆ ಪಾಳೆಯದ ಹೊರಗಿದ್ದವರು ನೆನಪಿನಲ್ಲಿರಬೇಕು.

ಸನ್ಯಾಸದೊಂದಿಗಿನ ಹೋಲಿಕೆ ಒಂದು ಮಟ್ಟಿಗೆ ಸರಿ, ಒಂದು ಮಟ್ಟಿಗೆ ಅಲ್ಲ. ಸನ್ಯಾಸಿ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಪೂರ್ವಾಶ್ರಮದ ಎಲ್ಲ ಕಟ್ಟುಗಳನ್ನೂ ಹರಿದುಕೊಳ್ಳುತ್ತಾನೆ. ನೆಲಕ್ಕೆ ಬೋರಲಾಗಿ ಮಲಗುವ ಅಭ್ಯರ್ಥಿಯಲ್ಲೂ ಹಳೆಯ ಬಾಳಿಗೆ ಸಾಯುವ ಭಾವವಿದೆ. ಆದರೆ ಎದ್ದ ಮೇಲೆ ಅವನಿಗೆ ಕೊಡುವುದು ಏಕಾಂತವಲ್ಲ, ಒಂದು ಧರ್ಮಕೇಂದ್ರ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಜನ: ಅಲ್ಲಿಯ ಮದುವೆ, ಮಣ್ಣು, ನಾಮಕರಣ, ಜಗಳ, ಶಾಲೆಯ ಶುಲ್ಕದ ಚಿಂತೆ ಎಲ್ಲವೂ. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತ ಪ್ರದೇಶದ, ಗುರುಗಳು ಬಡತನದ ವ್ರತವನ್ನೂ ತೊಡುವುದಿಲ್ಲ. ಬ್ರಹ್ಮಚರ್ಯ ಮತ್ತು ಧರ್ಮಾಧ್ಯಕ್ಷರಿಗೆ ವಿಧೇಯತೆ, ಇವೆರಡೇ ಅವರ ಪ್ರತಿಜ್ಞೆ. ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಬಹುದು, ಸ್ಕೂಟರ್ ಇರಬಹುದು. ಬಡತನವನ್ನೂ ಸೇರಿಸಿ ಮೂರು ವ್ರತಗಳನ್ನು ತೊಡುವವರು ಯೇಸುಸಭೆ, ಕಾರ್ಮೆಲ್ ಸಭೆ ಮೊದಲಾದ ಸಂನ್ಯಾಸಿ ಸಭೆಗಳವರು. ಆದ್ದರಿಂದ ನಿಮ್ಮ ನೆರೆಮನೆಯ ಹುಡುಗ ಮನೆಗೆ ಬಂದು ಹೋಗಿ ಮಾಡುತ್ತಾನೆ. ತಾಯಿಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಗೂ ಕರೆದೊಯ್ಯುತ್ತಾನೆ. ಅವರ ಕಣ್ಣೀರನ್ನು ಬರೀ ದುಃಖವೆಂದು ತಿಳಿಯಬೇಡಿ, ಬರೀ ಸಂತೋಷವೆಂದೂ ತಿಳಿಯಬೇಡಿ.

ಪ್ರಶ್ನೆ: ನಮ್ಮದು ದಕ್ಷಿಣ ಭಾರತ ಸಭೆ (ಸಿಎಸ್ಐ), ನನ್ನ ಗೆಳೆಯ ಕಥೋಲಿಕ. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿದನೆಂದು ಬೈಬಲ್ ಹೇಳುವಾಗ ನಿಮ್ಮ ಫಾದರ್ ದಿನಾ ಯಾವ ಬಲಿ ಅರ್ಪಿಸುತ್ತಾರೆ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. ಯಾರು ಸರಿ?
— ಕಾಲೇಜು ವಿದ್ಯಾರ್ಥಿ, ಫ್ರೇಜರ್ ಟೌನ್

ಉತ್ತರ: ಪ್ರಶ್ನೆ ಹಳೆಯದು, ನ್ಯಾಯವಾದದ್ದು. ಸಿಟ್ಟಿಗೆ ಕಾರಣವಿಲ್ಲ.

ಯೆರೂಸಲೇಮಿನ ದೇವಾಲಯದಲ್ಲಿ ಯಾಜಕ ಬೇರೆ, ಬಲಿಪಶು ಬೇರೆ. ಯಾಜಕ ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದ, ಕುರಿ ಹೋಗುತ್ತಿರಲಿಲ್ಲ. ಕ್ರೈಸ್ತ ವಿಶ್ವಾಸ ಈ ಎರಡನ್ನೂ ಒಬ್ಬನಲ್ಲೇ ಸೇರಿಸುತ್ತದೆ: ಅರ್ಪಿಸುವವನೂ ಕ್ರಿಸ್ತ, ಅರ್ಪಿತವಾದದ್ದೂ ಕ್ರಿಸ್ತ. ಕಡೆಯ ಭೋಜನದ ರಾತ್ರಿ ಶಿಷ್ಯರಿಗಾಗಿ ಮಾಡಿದ ಪ್ರಾರ್ಥನೆಯಲ್ಲಿ ‘ಅವರಿಗಾಗಿ ನನ್ನನ್ನೇ ಪ್ರತಿಷ್ಠಿಸಿಕೊಳ್ಳುತ್ತೇನೆ’ ಎಂಬ ಅರ್ಥದ ಮಾತು ಬರುತ್ತದೆ. ಯೊವಾನ್ನನ ಶುಭಸಂದೇಶದ ಹದಿನೇಳನೆಯ ಅಧ್ಯಾಯದ ಹತ್ತೊಂಬತ್ತನೆಯ ವಚನವದು. ಈ ಒಂದು ವಚನದಲ್ಲಿ ಪವಿತ್ರೀಕರಣವೂ ಬಲಿಯೂ ಒಂದೇ ಆಗಿಬಿಡುತ್ತವೆ, ಮತ್ತು ಎರಡಕ್ಕೂ ಗುರಿ ಇರುವುದು ‘ಅವರಿಗಾಗಿ’ ಎಂಬಲ್ಲಿ. ಶಿಲುಬೆಯಲ್ಲಿ ಆದದ್ದು ಒಂದೇ ಸಾರಿ, ಎಲ್ಲ ಕಾಲಕ್ಕೂ ಎಂದು ಇಬ್ರಿಯರ ಪತ್ರಿಕೆ ಏಳು, ಒಂಬತ್ತು, ಹತ್ತನೆಯ ಅಧ್ಯಾಯಗಳಲ್ಲಿ ಬಿಡದೆ ಹೇಳುತ್ತದೆ.

ಇದನ್ನು ಕಥೋಲಿಕರೂ ಅಲ್ಲಗಳೆಯುವುದಿಲ್ಲ. ಬಲಿಪೂಜೆ, ಅಂದರೆ ಗುರುಗಳು ದಿನಾ ಅರ್ಪಿಸುವ ಪೂಜೆ, ಇನ್ನೊಂದು ಬಲಿಯಲ್ಲ. ಅರ್ಪಿತನಾಗುವವನು ಅದೇ ಕ್ರಿಸ್ತ, ಗುರುಗಳ ಮೂಲಕ ಅರ್ಪಿಸುವವನೂ ಅದೇ ಕ್ರಿಸ್ತ, ಅರ್ಪಿಸುವ ಬಗೆ ಮಾತ್ರ ಬೇರೆ, ರಕ್ತರಹಿತ ಎಂದು 1562ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ತ್ರೆಂತ್ ಮಹಾಸಭೆ ಹೇಳಿತು. ಶಿಲುಬೆಯ ಆ ಒಂದೇ ಅರ್ಪಣೆ ಪೀಠದ ಮೇಲೆ ಸಂಸ್ಕಾರದ ರೂಪದಲ್ಲಿ ಪ್ರತ್ಯಕ್ಷವಾಗುತ್ತದೆ, ಮತ್ತೆ ನಡೆಯುವುದಿಲ್ಲ ಎಂಬುದು ಅವರ ನಿಲುವು. ಸುಧಾರಣಾವಾದಿ (ಪ್ರೊಟೆಸ್ಟಂಟ್) ಸಭೆಗಳು ಇಷ್ಟು ದೂರ ಹೋಗಲು ಒಪ್ಪಲಿಲ್ಲ. ಕರ್ತನ ಭೋಜನದಲ್ಲಿ ನಾವು ಅರ್ಪಿಸಬಹುದಾದದ್ದು ಸ್ತುತಿ, ಕೃತಜ್ಞತೆ ಮತ್ತು ನಮ್ಮನ್ನೇ ಎಂದವು. ನಿಮ್ಮ ಸಭೆಯಂತೂ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಆದದ್ದು. ಈ ವಿಷಯದಲ್ಲಿ ಸಭೆಯೊಳಗೇ ಎಲ್ಲರ ಧ್ವನಿಯೂ ಒಂದೇ ಇರಲಾರದು. ನಿಮ್ಮ ಸಭಾಪಾಲಕರು ಮದುವೆಯಾಗಿ ಸಂಸಾರದೊಂದಿಗೆ ಸೇವೆ ಮಾಡುತ್ತಾರೆ. ಅವರ ಆತ್ಮಸಮರ್ಪಣೆ ಅದರಿಂದ ಅರ್ಧವಾಗುವುದಿಲ್ಲ. ಪಾಶ್ಚಾತ್ಯ ಸಭೆಯಲ್ಲಿ ಬ್ರಹ್ಮಚರ್ಯದ ನಿಯಮ ಬಿಗಿಯಾದದ್ದು 1139ರ ಎರಡನೆಯ ಲ್ಯಾಟರನ್ ಮಹಾಸಭೆಯ ಹೊತ್ತಿಗೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ವಿವಾಹಿತರು ದೀಕ್ಷೆ ಪಡೆಯುತ್ತಾರೆ.

ಗೆಳೆಯನೊಂದಿಗೆ ರಾಜಿಯಾಗಲು ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದ ಮೊದಲ ವಚನವನ್ನು ಇಬ್ಬರೂ ಕೂಡಿ ಓದಿ. ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಿರಿ ಎಂದು ಪೌಲ ಬರೆದದ್ದು ಗುರುಗಳಿಗಲ್ಲ, ಸಭೆಯ ಎಲ್ಲರಿಗೂ. ಯಜ್ಞದಲ್ಲಿ ಕೊಟ್ಟದ್ದು ಸಾಯುತ್ತದೆ. ಇಲ್ಲಿ ಕೊಟ್ಟದ್ದು ಬದುಕಿಯೇ ಇರಬೇಕು. ಇದು ಸುಲಭವಲ್ಲ, ಒಂದೇ ಏಟಿಗೆ ಮುಗಿಯುವುದೂ ಇಲ್ಲ.

ಪ್ರಶ್ನೆ: ನನ್ನ ಮಗಳು ಡಿಗ್ರಿ ಮುಗಿಸಿ ಸಿಸ್ಟರ್ ಆಗುತ್ತೇನೆ ಎನ್ನುತ್ತಿದ್ದಾಳೆ. ಚಿಕ್ಕವಳಿದ್ದಾಗ ಕಾಯಿಲೆ ಬಿದ್ದಾಗ ‘ಉಳಿದರೆ ನಿನಗೇ ಕೊಡುತ್ತೇನೆ’ ಎಂದು ಮಾತೆಯ ಮುಂದೆ ಹರಕೆ ಹೊತ್ತಿದ್ದೆ. ಈಗ ನನಗೇ ಹೆದರಿಕೆಯಾಗುತ್ತಿದೆ. ನನ್ನ ಹರಕೆ ಅವಳನ್ನು ಕಟ್ಟಿಹಾಕಿತೇ? ಸಿಸ್ಟರುಗಳದ್ದೂ ಗುರುಗಳಂತೆ ದೀಕ್ಷೆಯೇ?
— ಒಬ್ಬ ತಾಯಿ, ಕಮ್ಮನಹಳ್ಳಿ

ಉತ್ತರ: ಮೊದಲು ನಿಮ್ಮ ಹೆದರಿಕೆಯ ವಿಷಯ. ನಿಮ್ಮ ಹರಕೆ ನಿಮ್ಮ ಮಗಳನ್ನು ಕಟ್ಟುವುದಿಲ್ಲ. ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟುತ್ತದೆ. ಒಬ್ಬರ ಬಾಳನ್ನು ಇನ್ನೊಬ್ಬರು ಮುಡಿಪಿಡಲು ಬರುವುದಿಲ್ಲ. ನ್ಯಾಯಸ್ಥಾಪಕರ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಯೆಫ್ತಾಹನೆಂಬ ಸೇನಾಪತಿ, ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಮೊದಲು ಹೊರಬರುವುದನ್ನು ಅರ್ಪಿಸುತ್ತೇನೆಂದು ಹರಕೆ ಹೊರುತ್ತಾನೆ. ದಮ್ಮಡಿ ಬಾರಿಸುತ್ತ, ಕುಣಿಯುತ್ತ ಹೊರಬಂದವಳು ಒಬ್ಬಳೇ ಮಗಳು. ‘ಅಯ್ಯೋ ಮಗಳೇ, ನನ್ನನ್ನು ಎಂಥ ಸಂಕಟಕ್ಕೆ ಗುರಿಮಾಡಿದೆ’ ಎಂಬ ಅರ್ಥದಲ್ಲಿ ಅವನು ಅವಳನ್ನೇ ದೂರುತ್ತಾನೆ, ಹೊತ್ತವನು ತಾನಾದರೂ. ಈ ಕತೆಯನ್ನು ಭಕ್ತಿಯ ಆದರ್ಶವೆಂದು ಓದುವವರ ಜೊತೆ ನನಗೆ ಸಹಮತವಿಲ್ಲ. ಅರ್ಪಿಸಬಹುದಾದದ್ದು ತನ್ನನ್ನು ಮಾತ್ರ. ಮನೆಯಲ್ಲಾಗಲಿ ಮಠದಲ್ಲಾಗಲಿ ‘ತ್ಯಾಗ ಮಾಡು’ ಎಂದು ಬೇರೆಯವರಿಗೆ ಉಪದೇಶಿಸುವವರನ್ನು ಕಂಡರೆ ಸ್ವಲ್ಪ ಎಚ್ಚರದಿಂದಿರಬೇಕು.

ಧರ್ಮಸಭೆಯ ಕಾನೂನು ಕೂಡ ಇದನ್ನೇ ಕಾಯುತ್ತದೆ. ಬಲವಂತ, ತೀವ್ರ ಭಯ ಅಥವಾ ಮೋಸದಿಂದ ತೊಡಿಸಿದ ವ್ರತ ಅಸಿಂಧು. ನವಶಿಷ್ಯತ್ವ, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಹನ್ನೆರಡು ತಿಂಗಳಿಗೆ ಕಡಿಮೆ ಇರುವಂತಿಲ್ಲ. ಅದಾದ ಮೇಲೆ ತಾತ್ಕಾಲಿಕ ವ್ರತಗಳು, ಕನಿಷ್ಠ ಮೂರು ವರ್ಷ. ಆಜೀವ ವ್ರತಕ್ಕೆ 21 ವರ್ಷ ತುಂಬಿರಲೇಬೇಕು. ಈ ಅವಧಿಯಲ್ಲಿ ಮನಸ್ಸು ಬದಲಾದರೆ ಮರಳಿ ಬರುವುದು ಸೋಲಲ್ಲ, ಅವಮಾನವೂ ಅಲ್ಲ. ಅಕ್ಕಪಕ್ಕದವರು ಏನಂದಾರು ಎಂಬ ಚಿಂತೆಯನ್ನು ದಯವಿಟ್ಟು ಅವಳ ಮೇಲೆ ಹೊರಿಸಬೇಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸಿಸ್ಟರುಗಳದ್ದು ಗುರುದೀಕ್ಷೆಯಲ್ಲ, ಬಡತನ, ಕನ್ಯಾವ್ರತ, ವಿಧೇಯತೆಗಳ ಮೂಲಕ ಆಗುವ ಸಮರ್ಪಣೆ. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬವಾದ ಫೆಬ್ರವರಿ 2ರಂದು ಇಂಥ ಸಮರ್ಪಿತರ ದಿನವನ್ನು 1997ರಿಂದ ಆಚರಿಸುತ್ತಾರೆ. ಆದರೆ ಇವೆರಡಕ್ಕೂ ಅಡಿಪಾಯ ಸ್ನಾನದೀಕ್ಷೆ (ಬ್ಯಾಪ್ಟಿಸಮ್). ನಿಮ್ಮ ಮಗಳು ಕೂಸಾಗಿದ್ದಾಗ ಗುರುಗಳು ಅವಳ ನೆತ್ತಿಗೆ ಕ್ರಿಸ್ಮ ತೈಲ ಹಚ್ಚಿ, ಯಾಜಕನೂ ಪ್ರವಾದಿಯೂ ರಾಜನೂ ಆದ ಕ್ರಿಸ್ತನ ಅಂಗವಾಗಿ ಬಾಳೆಂದು ಪ್ರಾರ್ಥಿಸಿದ್ದರು. ನಿಮಗೂ ಹಚ್ಚಿರುತ್ತಾರೆ. ಗುರುಗಳ ಅಂಗೈಗೆ ಹಚ್ಚುವ ತೈಲವೂ ಅದೇ. ವಿಶ್ವಾಸಿಗಳೆಲ್ಲರ ಯಾಜಕತ್ವವೂ ಗುರುಗಳ ಯಾಜಕತ್ವವೂ ಬರೀ ಪ್ರಮಾಣದಲ್ಲಲ್ಲ, ಸ್ವರೂಪದಲ್ಲೇ ಬೇರೆ, ಆದರೂ ಒಂದಕ್ಕೊಂದು ಹೊಂದಿಕೊಂಡಿವೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದೆ. ಕಾಯಿಲೆಯ ಮಗುವಿನ ಪಕ್ಕದಲ್ಲಿ ನೀವು ಕಳೆದ ರಾತ್ರಿಗಳೂ ಆ ಯಾಜಕತ್ವಕ್ಕೆ ಸೇರಿದವು.

ಪ್ರಶ್ನೆ: ಆಶ್‌ವಿಟ್ಜ್‌ನಲ್ಲಿ ಇನ್ನೊಬ್ಬರ ಬದಲು ಸತ್ತ ಗುರುಗಳ ಬಗ್ಗೆ ಓದಿದೆ. ಯಾಜಕನ ಆತ್ಮಬಲಿಯೆಂದರೆ ಅದೇ ಆದರೆ, ನೆಮ್ಮದಿಯಾಗಿ ಬಂಗಲೆಯಲ್ಲಿರುವವರದ್ದು ಏನು?
— ಜಯನಗರದ ಓದುಗರು

ಉತ್ತರ: ನೀವು ಓದಿದ್ದು ಫ್ರಾನ್ಸಿಸ್ಕನ್ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಬಗ್ಗೆ. 1941ರ ಜುಲೈ ಕೊನೆಯಲ್ಲಿ ಆ ನಾಜಿ ಸೆರೆಶಿಬಿರದಿಂದ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಷೆಕ್ ಗಯೊವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದಾಗ ಕೋಲ್ಬೆ ಸಾಲಿನಿಂದ ಮುಂದೆ ಬಂದರು. ನೀನು ಯಾರೆಂದು ಕೇಳಿದ್ದಕ್ಕೆ ಅವರು ಹೆಸರು ಹೇಳಲಿಲ್ಲ, ತಾನೊಬ್ಬ ಕಥೋಲಿಕ ಗುರು ಎಂದರು. ಎರಡು ವಾರ ಕಳೆದರೂ ಜೀವ ಉಳಿದಿದ್ದರಿಂದ ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ಕೊಟ್ಟು ಕೊಂದರು. 1982ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಉಳಿದುಕೊಂಡ ಆ ಮನುಷ್ಯ ಅಲ್ಲಿದ್ದರು. ಅವರು ತೀರಿಕೊಂಡದ್ದು 1995ರಲ್ಲಿ.

ಆದರೆ ನನ್ನನ್ನು ಕೇಳಿದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಉದಾಹರಣೆ ಬೆಲ್ಜಿಯಮಿನ ದಾಮಿಯೆನ್. 1873ರಲ್ಲಿ, 33ನೆಯ ವಯಸ್ಸಿನಲ್ಲಿ, ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳನ್ನು ದೂಡಿ ಬಿಟ್ಟಿದ್ದ ಜಾಗಕ್ಕೆ ಹೋದರು. ಅಲ್ಲಿ ಅವರು ಮಾಡಿದ್ದರಲ್ಲಿ ಬಹುಪಾಲು ಹುಣ್ಣಿಗೆ ಬಟ್ಟೆ ಕಟ್ಟುವುದು, ಮನೆ ಕಟ್ಟುವುದು, ಶವಪೆಟ್ಟಿಗೆ ಮಾಡುವುದು, ಗುಂಡಿ ತೋಡುವುದು. ಹನ್ನೊಂದು ಹನ್ನೆರಡು ವರ್ಷಗಳಾದ ಮೇಲೆ ರೋಗ ಅವರಿಗೂ ತಗುಲಿತು. 1889ರ ಏಪ್ರಿಲ್ 15ರಂದು ತೀರಿಕೊಂಡರು. ಯಾಜಕಕಾಂಡದ ರೋಗಿಯನ್ನು ಯಾಜಕ ಪಾಳೆಯದ ಹೊರಗೆ ಹೋಗಿ ಪರೀಕ್ಷಿಸಿ ಬರಬೇಕಿತ್ತು. ದಾಮಿಯೆನ್ ಹೋದರು, ವಾಪಸು ಬರಲಿಲ್ಲ. ಕೋಲ್ಬೆಯವರದ್ದು ಒಂದು ಗಳಿಗೆಯ ತೀರ್ಮಾನವಾಗಿ ಕಂಡರೂ ಅದರ ಹಿಂದೆ ಇಂಥದೇ ದಿನಚರಿ ಇದ್ದಿರಲೇಬೇಕು.

ಬಂಗಲೆಯ ಟೀಕೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಹಾಗೆಂದು ರಾತ್ರಿ ಎರಡು ಗಂಟೆಗೆ ಫೋನು ಬಂದಾಗ, ಹೆಬ್ಬೆರಳ ಗಾತ್ರದ ಎಣ್ಣೆಯ ಡಬ್ಬಿಯನ್ನೂ ಒಂದು ತುಂಡು ಹತ್ತಿಯನ್ನೂ ಜೇಬಿಗೆ ಹಾಕಿಕೊಂಡು ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುವ ಗುರುಗಳೂ ಇದೇ ಊರಿನಲ್ಲಿದ್ದಾರೆ. ರೋಗಿಯ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ, ಮನೆಯವರೊಂದಿಗೆ ಸ್ವಲ್ಪ ಹೊತ್ತು ಕುಳಿತು, ಬೆಳಗಿನ ಆರೂವರೆಯ ಪೂಜೆಗೆ ಮತ್ತೆ ಹಾಜರಾಗುತ್ತಾರೆ.

ಪ್ರಶ್ನೆ: ನಮ್ಮ ಗುರುಗಳು ಮಾತೆತ್ತಿದರೆ ‘ನಾನು ಅಭಿಷಿಕ್ತ, ನನ್ನನ್ನು ಪ್ರಶ್ನಿಸಬಾರದು’ ಎನ್ನುತ್ತಾರೆ. ಇಂಥವರ ಪೂಜೆ ಸಲ್ಲುತ್ತದೆಯೇ?
— ಹೆಸರು, ಊರು ಬೇಡ

ಉತ್ತರ: ಪೂಜೆ ಸಲ್ಲುತ್ತದೆ, ಮಾತು ಸಲ್ಲುವುದಿಲ್ಲ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕಾದಲ್ಲಿ, ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಧರ್ಮಾಧ್ಯಕ್ಷರು ಕೊಟ್ಟ ಸಂಸ್ಕಾರಗಳು ಅಸಿಂಧು ಎಂದು ಡೊನಾಟಿಸ್ಟರೆಂಬ ಕ್ರೈಸ್ತ ಪಂಗಡದವರು ವಾದಿಸಿದರು. ಪೇತ್ರನು ಸ್ನಾನದೀಕ್ಷೆ ಕೊಟ್ಟರೂ ಕೊಡುವವನು ಕ್ರಿಸ್ತನೇ, ಯೇಸುವನ್ನು ಹಿಡಿದುಕೊಟ್ಟ ಯೂದನು ಕೊಟ್ಟರೂ ಕ್ರಿಸ್ತನೇ ಎಂದು ಅಲ್ಲಿಯ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಉತ್ತರಿಸಿದರು. ಈ ಸಿದ್ಧಾಂತವಿರುವುದು ಜನರ ರಕ್ಷಣೆಗೆ: ಗುರುಗಳು ಹೇಗೇ ಇರಲಿ, ಬಂದವರು ಬರಿಗೈಯಲ್ಲಿ ಹೋಗಬಾರದೆಂದು. ಅದನ್ನೇ ತಿರುಗಿಸಿ ಗುರುಗಳ ರಕ್ಷಣೆಗೆ ಗುರಾಣಿ ಮಾಡಿಕೊಳ್ಳುವುದು ಸಿದ್ಧಾಂತದ ದುರುಪಯೋಗ. ಅದೇ ಅಗಸ್ಟೀನರು ತಮ್ಮ ಜನರಿಗೆ, ನಿಮಗಾಗಿ ನಾನು ಧರ್ಮಾಧ್ಯಕ್ಷ, ನಿಮ್ಮೊಂದಿಗೆ ನಾನು ಕ್ರೈಸ್ತ ಎಂದೂ, ಮೊದಲನೆಯದು ಅಪಾಯ, ಎರಡನೆಯದೇ ರಕ್ಷಣೆ ಎಂದೂ ಹೇಳಿದ್ದರು. ಲೆಕ್ಕಪತ್ರ ಕೇಳಲು ಧರ್ಮಕೇಂದ್ರದ ಪಾಲನಾ ಸಮಿತಿಯಿದೆ, ಅದರ ಮೇಲೆ ಧರ್ಮಾಧ್ಯಕ್ಷರಿದ್ದಾರೆ, ಬರೆದು ಕೊಡಿ. ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧವಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಿರುವ ಪ್ರತಿಯೊಬ್ಬರ ಕರ್ತವ್ಯ. ಅಭಿಷೇಕ ಅದಕ್ಕೆ ಅಡ್ಡ ಬರುವುದಿಲ್ಲ.

ಪ್ರಶ್ನೆ: ತೈಲವನ್ನು ಪವಿತ್ರೀಕರಿಸುವ ಪೂಜೆಯನ್ನು ಕ್ರೈಸ್ತರಲ್ಲದವರು ನೋಡಬಹುದೇ? ಯಾವಾಗ ನಡೆಯುತ್ತದೆ?
— ಬಸವನಗುಡಿ ಓದುಗರು

ಉತ್ತರ: ಧಾರಾಳವಾಗಿ ನೋಡಬಹುದು. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಬೆಳಿಗ್ಗೆ ಅದರ ಮೂಲ ಸಮಯ. ದೂರದ ಗುರುಗಳಿಗೆ ಅನುಕೂಲವಾಗಲೆಂದು ಅದಕ್ಕೆ ಹತ್ತಿರದ ಬೇರೆ ದಿನಕ್ಕೆ ಹಿಂದೂಡುವುದೂ ಉಂಟು. ಬೆಂಗಳೂರು ಮಹಾಧರ್ಮಪ್ರಾಂತ್ಯದ ಪ್ರಧಾನಾಲಯ ಕೋಲ್ಸ್ ಪಾರ್ಕ್ ಬಳಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯ. ಆ ವರ್ಷದ ದಿನ, ಸ್ಥಳ, ಭಾಷೆಯನ್ನು ಹತ್ತಿರದ ಯಾವುದೇ ಚರ್ಚಿನ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಮಹಾಧರ್ಮಾಧ್ಯಕ್ಷರು ಕ್ರಿಸ್ಮ ತೈಲಕ್ಕೆ ಸುಗಂಧ ಬೆರೆಸಿ ಅದರ ಮೇಲೆ ಉಸಿರೂದುತ್ತಾರೆ. ಅದೇ ಪೂಜೆಯಲ್ಲಿ ಗುರುಗಳೆಲ್ಲ ಎದ್ದು ನಿಂತು ತಮ್ಮ ದೀಕ್ಷೆಯ ಪ್ರತಿಜ್ಞೆಗಳನ್ನು ನವೀಕರಿಸುತ್ತಾರೆ. ಆಮೇಲೆ ಮಹಾಧರ್ಮಾಧ್ಯಕ್ಷರು ಜನರ ಕಡೆ ತಿರುಗಿ, ಈ ಗುರುಗಳಿಗಾಗಿಯೂ ತಮಗಾಗಿಯೂ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾರೆ. ಪರಮಪ್ರಸಾದ ಸ್ವೀಕರಿಸಲು ಸಾಲು ಹೊರಟಾಗ ನೀವು ನಿಮ್ಮ ಜಾಗದಲ್ಲೇ ಕುಳಿತಿರಿ, ಯಾರೂ ತಪ್ಪು ತಿಳಿಯುವುದಿಲ್ಲ.